ಪ್ಯಾಕೆಟ್ಟುಗಳ ಮಹಜರು

ಕಳ್ಳತನವಾದ ಮನೆಗೆ ಪೊಲೀಸರು ಬಂದು ಬರೆಯುವ ಮಹಜರಿನಲ್ಲಿ ಕಳ್ಳ ಯಾರೆಂಬ ಮಾತು ಇರುವುದಿಲ್ಲ. ಬೀಗ ಎಲ್ಲಿ ಬಿದ್ದಿತ್ತು, ಬೀರುವಿನ ಬಾಗಿಲು ಮುಚ್ಚಿತ್ತೋ ತೆರೆದಿತ್ತೋ, ಯಾವ ವಸ್ತುವನ್ನು ಯಾರ ಸಮಕ್ಷಮ ಎಷ್ಟು ಗಂಟೆಗೆ ವಶಕ್ಕೆ ತೆಗೆದುಕೊಂಡದ್ದು, ಇಷ್ಟೇ. ನೆಟ್‌ವರ್ಕ್ ಫೊರೆನ್ಸಿಕ್ಸ್, ಅಂದರೆ ಜಾಲದಲ್ಲಿ ಹರಿದ ಪ್ಯಾಕೆಟ್ಟುಗಳಿಂದ (ಮಾಹಿತಿಯ ಸಣ್ಣ ಸಣ್ಣ ಕಟ್ಟುಗಳಿಂದ) ನಡೆದದ್ದನ್ನು ಪತ್ತೆಹಚ್ಚುವ ವಿದ್ಯೆ, ಕಲಿಯಲು ಕೂತವರು ಬಹುಪಾಲು ಇದನ್ನು ತಲೆಕೆಳಗು ಮಾಡುತ್ತಾರೆ. ಪ್ಯಾಕೆಟ್ಟುಗಳನ್ನು ಪರದೆಯ ಮೇಲೆ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು, ಬಣ್ಣಬಣ್ಣದ ಸಾಲುಗಳ ಮೇಲೆ ಮೌಸ್ ಓಡಿಸುತ್ತ, ಮೊದಲ ನಿಮಿಷದಿಂದಲೇ ಕಳ್ಳನ ಬೆನ್ನು ಹತ್ತುತ್ತಾರೆ. ಸಂಜೆ ಹೊತ್ತಿಗೆ ಏನೋ ಒಂದು ಸಿಕ್ಕಿರುತ್ತದೆ. ಅದು ಯಾವ ಫಿಲ್ಟರಿನಿಂದ ಸಿಕ್ಕಿತು, ಅದಕ್ಕೂ ಮುಂಚೆ ಯಾವ ಸಾಲುಗಳನ್ನು ಬದಿಗೆ ಸರಿಸಿದ್ದಾಯಿತು ಎಂದು ಕೇಳಿದರೆ ನೆನಪಿರುವುದಿಲ್ಲ.

ಟರ್ಮಿನಲ್, ಅಂದರೆ ಕಮಾಂಡು ಬರೆದು ಕೆಲಸ ಮಾಡಿಸುವ ಕಿಟಕಿ, ಬೇಕಾಗುವುದು ಇಲ್ಲಿ. ಅದು ವೇಗವಾಗಿದೆ ಎಂದು ಹೊಗಳುವವರಿದ್ದಾರೆ. ವೇಗವೂ ಇದೆ, ಆದರೆ ಅದು ಎರಡನೆಯ ಮಾತು. ಟರ್ಮಿನಲ್‌ನಲ್ಲಿ ಕೇಳಿದ ಪ್ರಶ್ನೆ ಅಕ್ಷರರೂಪದಲ್ಲಿ ಅಲ್ಲೇ ಉಳಿಯುತ್ತದೆ. ಒತ್ತಿದ ಸಾಲೇ ಮಹಜರಿನ ಸಾಲು. ಅದನ್ನು ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಒತ್ತಿ ಅದೇ ಸಂಖ್ಯೆ ಬರುತ್ತದೋ ಇಲ್ಲವೋ ನೋಡಬಹುದು. ಮೌಸಿನ ಕ್ಲಿಕ್ಕಿಗೆ ಆ ಭಾಗ್ಯವಿಲ್ಲ.

ಮುಂದಿನ ಸಾಲುಗಳಲ್ಲಿ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರ. ‘ದೊಡ್ಡ ವೈ’ ಎಂದರೆ ಕ್ಯಾಪಿಟಲ್, ಬೇರೆ ಹೇಳದಿದ್ದರೆ ಉಳಿದದ್ದೆಲ್ಲ ಚಿಕ್ಕಕ್ಷರ. ಈ ಲೋಕದಲ್ಲಿ ದೊಡ್ಡ ಡಬ್ಲ್ಯೂಗೂ ಚಿಕ್ಕ ಡಬ್ಲ್ಯೂಗೂ ಅಜಗಜಾಂತರ.

ಸಲಕರಣೆಗಳು ಹೊಸವೇನಲ್ಲ. ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಹುಟ್ಟಿದ್ದು 1988ರಲ್ಲಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ. ಸಂಪರ್ಕಗಳ ಲಾಗ್ ಬರೆಯುವ, ಈಗ ಝೀಕ್ ಎಂದು ಕರೆಯುವ ಸಾಧನವನ್ನು ವರ್ನ್ ಪ್ಯಾಕ್ಸನ್ ಅದೇ ಪ್ರಯೋಗಾಲಯದಲ್ಲಿ 1995ರಲ್ಲಿ ಬ್ರೋ ಎಂಬ ಹೆಸರಿನಲ್ಲಿ ಶುರುಮಾಡಿದರು. ಹೆಸರು ಬದಲಾದದ್ದು 2018ರಲ್ಲಿ. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಬಿಡುಗಡೆ ಮಾಡಿದ ಈಥೀರಿಯಲ್ 2006ರಲ್ಲಿ ವೈರ್‌ಶಾರ್ಕ್ ಆಯಿತು. ಅದರ ಟರ್ಮಿನಲ್ ರೂಪ ಟಿಶಾರ್ಕ್. ಜೊತೆಗೆ ಕ್ಯಾಪ್‌ಇನ್ಫೋಸ್, ಎಡಿಟ್‌ಕ್ಯಾಪ್, ಮರ್ಜ್‌ಕ್ಯಾಪ್ ಎಂಬ ಚಿಲ್ಲರೆ ಸಾಮಾನು ಬರುತ್ತದೆ. ಇವುಗಳ ಹಿಂದೆ ಸಾಲುಗಳನ್ನು ಜೋಡಿಸುವ, ಎಣಿಸುವ, ಕತ್ತರಿಸುವ, ಹುಡುಕುವ ಯೂನಿಕ್ಸಿನ ಹಳೆಯ ಪಡೆ ಇದ್ದೇ ಇದೆ: ಸಾರ್ಟ್, ಯೂನಿಕ್, ಆಕ್, ಗ್ರೆಪ್.

ಅಭ್ಯಾಸಕ್ಕೆ ಒಂದು ಕೇಸು

ಖಾಲಿ ಕೈಯಲ್ಲಿ ಕಮಾಂಡು ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಕೇಸು ಬೇಕು. ಸಿಮ್ಸನ್ ಗಾರ್ಫಿಂಕೆಲ್ ಮೊದಲಾದವರು ಕಟ್ಟಿದ ಡಿಜಿಟಲ್ ಕಾರ್ಪೊರಾ ಎಂಬ ಮುಕ್ತ ಸಂಗ್ರಹದಲ್ಲಿ ನೈಟ್ರೋಬಾ ವಿಶ್ವವಿದ್ಯಾಲಯದ ಕಿರುಕುಳ ಪ್ರಕರಣ ಎಂಬುದೊಂದಿದೆ. ವಿಶ್ವವಿದ್ಯಾಲಯ ಕಾಲ್ಪನಿಕ, ಪ್ಯಾಕೆಟ್ಟುಗಳು ನಿಜ. ರಸಾಯನಶಾಸ್ತ್ರ ಪಾಠ ಮಾಡುವ ಅಧ್ಯಾಪಕಿಗೆ ಕಿರುಕುಳದ ಇಮೇಲ್‌ಗಳು ಬರುತ್ತಿವೆ. ಇಮೇಲಿನ ಹೆಡರ್ ತೋರಿಸುವ ಐಪಿ ವಿಳಾಸ ಹಾಸ್ಟೆಲಿನ ಒಂದು ಕೋಣೆಯದು. ಆ ಕೋಣೆಯಲ್ಲಿ ಮೂವರು ಹುಡುಗಿಯರು. ಯಾರೋ ಗೆಳೆಯ ಬಂದು ಪಾಸ್‌ವರ್ಡ್ ಇಲ್ಲದ ವೈಫೈ ರೌಟರ್ ಹಾಕಿಕೊಟ್ಟಿದ್ದಾನೆ. ವಿಶ್ವವಿದ್ಯಾಲಯ ಆ ಕೋಣೆಯ ಈಥರ್‌ನೆಟ್ ತಂತಿಗೆ ಸ್ನಿಫರ್ (ಹೋಗಿಬರುವ ಪ್ಯಾಕೆಟ್ಟುಗಳನ್ನು ಹಿಡಿದಿಡುವ ಸಾಧನ) ಇಡುತ್ತದೆ. ಆಮೇಲೆ ಒಂದು ಸೋಮವಾರ, 2008ರ ಜುಲೈ 21ರಂದು, ಓದಿದ ಕೂಡಲೇ ಸಂದೇಶವನ್ನು ಅಳಿಸಿಹಾಕುವ ಜಾಲತಾಣದ ಮೂಲಕ ಮತ್ತೊಂದು ಸಂದೇಶ ಬರುತ್ತದೆ. ತರಗತಿಯ ವಿದ್ಯಾರ್ಥಿಗಳ ಪಟ್ಟಿ ನಮ್ಮ ಕೈಯಲ್ಲಿದೆ. ಕಳಿಸಿದವರು ಯಾರು?

ಉತ್ತರ ಇಲ್ಲಿ ಬರೆದರೆ ಅಭ್ಯಾಸದ ರುಚಿ ಹೋಗುತ್ತದೆ, ಹಾಗಾಗಿ ದಾರಿಯನ್ನಷ್ಟೇ ನೋಡೋಣ.

ಸ್ನಿಫರ್ ಹಿಡಿದ ಪ್ಯಾಕೆಟ್ಟುಗಳ ಫೈಲು ಇಳಿಸಿಕೊಂಡ ತಕ್ಷಣ ಮೂರು ಕೆಲಸ. ಶಾ256ಸಮ್ ಓಡಿಸಿ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆದಿಡಿ. ಸಿಎಚ್‌ಮಾಡ್ 444 ಕೊಟ್ಟು ಫೈಲನ್ನು ಓದಲಷ್ಟೇ ಬಿಡಿ. ಆಮೇಲೆ ಎಕ್ಸ್‌ಎಕ್ಸ್‌ಡಿ ಡ್ಯಾಶ್ ಎಲ್ 24 ಎಂದು ಕೊಟ್ಟು ಮೊದಲ 24 ಬೈಟುಗಳನ್ನು ಕಣ್ಣಾರೆ ನೋಡಿ. ಪಿಕ್ಯಾಪ್ ಎಂದರೆ ಹಿಡಿದ ಪ್ಯಾಕೆಟ್ಟುಗಳನ್ನು ಇಡುವ ಫೈಲಿನ ಬಗೆ. ಹಳೆಯ ಪಿಕ್ಯಾಪ್ ಫೈಲಿನ ತಲೆಬರಹ ಸರಿಯಾಗಿ 24 ಬೈಟು. ಇಂದಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಹಿಡಿದದ್ದಾದರೆ ಡಿ4 ಸಿ3 ಬಿ2 ಎ1 ಎಂದು ಶುರುವಾಗುತ್ತದೆ. 0ಎ 0ಡಿ 0ಡಿ 0ಎ ಎಂದಿದ್ದರೆ ಅದು ಪಿಕ್ಯಾಪ್‌ಎನ್‌ಜಿ, ಹೊಸ ಬಗೆ. ಹಳೆಯ ಬಗೆಯಲ್ಲಿ ತಲೆಬರಹದ ನಂತರ ಪ್ರತಿ ಪ್ಯಾಕೆಟ್ಟಿನ ಮುಂದೆ 16 ಬೈಟಿನ ಚೀಟಿ ಅಂಟಿರುತ್ತದೆ: ಸೆಕೆಂಡು, ಮೈಕ್ರೋಸೆಕೆಂಡು, ಹಿಡಿದ ಉದ್ದ, ನಿಜವಾದ ಉದ್ದ. ಈ ಕೊನೆಯ ಎರಡು ಒಂದೇ ಆಗಿಲ್ಲದಿದ್ದರೆ ಪ್ಯಾಕೆಟ್ಟನ್ನು ಹಿಡಿಯುವಾಗಲೇ ಕತ್ತರಿಸಿದ್ದಾರೆ ಎಂದರ್ಥ. ಟಿಸಿಪಿಡಂಪಿನ ಹಳೆಯ ಆವೃತ್ತಿಗಳು ಏನೂ ಹೇಳದಿದ್ದರೆ 68 ಬೈಟು ಮಾತ್ರ ಹಿಡಿಯುತ್ತಿದ್ದವು, ಈಗ 262144. ಹಳೆಯ ಫೈಲಿನಲ್ಲಿ ‘ಒಳಗೆ ಏನೂ ಇಲ್ಲವಲ್ಲ’ ಎಂದು ತಲೆ ಕೆರೆದುಕೊಳ್ಳುವ ಮುಂಚೆ ಈ ಚೀಟಿ ನೋಡಬೇಕು.

ಇದನ್ನೆಲ್ಲ ಕ್ಯಾಪ್‌ಇನ್ಫೋಸ್ ಒಂದೇ ಏಟಿಗೆ ಹೇಳುತ್ತದೆ: ಎಷ್ಟು ಪ್ಯಾಕೆಟ್ಟು, ಮೊದಲನೆಯದು ಯಾವಾಗ, ಕೊನೆಯದು ಯಾವಾಗ, ಕಾಲಕ್ರಮ ಕಟ್ಟುನಿಟ್ಟಾಗಿದೆಯೋ ಇಲ್ಲವೋ. ನೈಟ್ರೋಬಾದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಪ್ಯಾಕೆಟ್ಟುಗಳಿವೆ. ಮತ್ತು ಇಲ್ಲೇ ಮೊದಲ ಗುಂಡಿ ಬಾಯ್ದೆರೆದಿದೆ. ದೂರು ಸೋಮವಾರ 21ರದು. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಟಿಶಾರ್ಕ್ ಆ ಹೊತ್ತಿನ ಪ್ಯಾಕೆಟ್ಟುಗಳನ್ನು 22ನೇ ತಾರೀಖು, ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಯ ಸುಮಾರು ಎಂದು ತೋರಿಸುತ್ತದೆ. ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಅದು ಮಂಗಳವಾರ ಬೆಳಿಗ್ಗೆ ಆರು ದಾಟಿದ ಸಮಯ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ ಸೋಮವಾರ ರಾತ್ರಿ ಹನ್ನೊಂದು. ಫೈಲಿನೊಳಗೆ ಇರುವುದು 1970ರಿಂದ ಎಣಿಸಿದ ಸೆಕೆಂಡು ಮಾತ್ರ. ಊರಿನ ಸಮಯವನ್ನು ಅದಕ್ಕೆ ಅಂಟಿಸುವುದು ನಮ್ಮ ಯಂತ್ರ. ಟಿಶಾರ್ಕಿಗೆ ಡ್ಯಾಶ್ ಟಿ ಯುಡಿ ಕೊಟ್ಟರೆ ದಿನಾಂಕಸಹಿತ ಯುಟಿಸಿಯಲ್ಲೇ ತೋರಿಸುತ್ತದೆ. ತನಿಖೆ ಪೂರ್ತಿ ಯುಟಿಸಿಯಲ್ಲಿ ನಡೆಯಲಿ, ಊರಿನ ಸಮಯ ಕೊನೆಯ ವರದಿಯಲ್ಲಿ ಆವರಣದೊಳಗೆ ಬರಲಿ. ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ನಿರಪರಾಧಿಯೊಬ್ಬರು ಸಿಕ್ಕಿಬೀಳಬಹುದು.

ಮೊದಲು ಎಣಿಕೆ

ಪ್ಯಾಕೆಟ್ ಓದುವ ಆಸೆಯನ್ನು ಇನ್ನೂ ಹತ್ತು ನಿಮಿಷ ತಡೆಯಬೇಕು. ಟಿಶಾರ್ಕ್, ಡ್ಯಾಶ್ ಆರ್ ಫೈಲು, ಡ್ಯಾಶ್ ಎನ್, ಡ್ಯಾಶ್ ಕ್ಯೂ, ಡ್ಯಾಶ್ ಝಡ್ ಐಓ ಅಲ್ಪವಿರಾಮ ಪಿಎಚ್‌ಎಸ್. ಇದು ಪ್ರೊಟೊಕಾಲುಗಳ (ಯಂತ್ರಗಳು ಮಾತಾಡುವ ಪದ್ಧತಿಗಳ) ವಂಶವೃಕ್ಷ ಕೊಡುತ್ತದೆ. ಡ್ಯಾಶ್ ಝಡ್ ಕಾನ್ವ್ ಅಲ್ಪವಿರಾಮ ಐಪಿ ಎಂದರೆ ಯಾರು ಯಾರೊಡನೆ ಎಷ್ಟು ಬೈಟು ಮಾತಾಡಿದರೆಂಬ ಪಟ್ಟಿ. ಡ್ಯಾಶ್ ಎನ್ ಮರೆಯಬಾರದು. ಹೆಸರು ಹುಡುಕುವ ಸೆಟ್ಟಿಂಗ್ ಆನ್ ಆಗಿದ್ದರೆ ಸಾಧನ ಪ್ರತಿ ಐಪಿಗೂ ಡಿಎನ್‌ಎಸ್ (ಹೆಸರಿಗೂ ಐಪಿ ವಿಳಾಸಕ್ಕೂ ಗಂಟು ಹಾಕುವ ವ್ಯವಸ್ಥೆ) ಕೇಳಲು ಹೊರಗೆ ಹೋಗುತ್ತದೆ. ನಿಧಾನವಾಗುವುದು ಒಂದು ತೊಂದರೆ, ದಾಳಿಕೋರನ ಡಿಎನ್‌ಎಸ್ ಸರ್ವರಿಗೆ ‘ನಿನ್ನನ್ನು ನೋಡುತ್ತಿದ್ದೇವೆ’ ಎಂದು ನಾವೇ ಡಂಗುರ ಹೊಡೆದಂತಾಗುವುದು ಇನ್ನೊಂದು.

ಉಳಿದ ಎಣಿಕೆಯೆಲ್ಲ ಒಂದೇ ಅಚ್ಚಿನದು. ಡ್ಯಾಶ್ ದೊಡ್ಡ ಟಿ ಫೀಲ್ಡ್ಸ್ ಎಂದು ಹೇಳಿ, ಡ್ಯಾಶ್ ಇ ಹಿಂದೆ ಬೇಕಾದ ಕ್ಷೇತ್ರದ ಹೆಸರು ಕೊಟ್ಟು, ಬಂದದ್ದನ್ನು ಪೈಪಿನಲ್ಲಿ ಸಾರ್ಟಿಗೆ, ಅಲ್ಲಿಂದ ಯೂನಿಕ್ ಡ್ಯಾಶ್ ಸಿಗೆ, ಅಲ್ಲಿಂದ ಸಾರ್ಟ್ ಡ್ಯಾಶ್ ಆರ್‌ಎನ್‌ಗೆ, ಕೊನೆಗೆ ಹೆಡ್‌ಗೆ ಹರಿಸುವುದು. ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ಹಾಳು. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ, ದೂರದ್ದನ್ನು ನೋಡುವುದೇ ಇಲ್ಲ. ಮೊರದಲ್ಲಿ ಕೇರಿದ ಹಾಗೆ ಇದು: ಹೆಚ್ಚು ಬಂದದ್ದು ಮೇಲೆ, ಅಪರೂಪದ್ದು ಕೆಳಗೆ. ಹೊಸಬರು ಮೇಲಿನ ಹತ್ತು ಸಾಲು ನೋಡಿ ನಿಲ್ಲಿಸುತ್ತಾರೆ. ಹೆಡ್ ಬದಲು ಟೈಲ್ ಹಾಕಿ ಕೆಳಗಿನ ಇಪ್ಪತ್ತನ್ನೂ ನೋಡಿ. ಒಂದೇ ಒಂದು ಸಲ ಬಂದ ಯೂಸರ್ ಏಜೆಂಟ್ (ಬ್ರೌಸರ್ ತನ್ನ ಪರಿಚಯ ಹೇಳುವ ಸಾಲು), ಎರಡೇ ಸಲ ಭೇಟಿ ಕೊಟ್ಟ ಹೋಸ್ಟ್, ಕೇಸು ಇರುವುದು ಹೆಚ್ಚಾಗಿ ಅಲ್ಲಿ.

ನೈಟ್ರೋಬಾ 2008ರದು, ಎಚ್‌ಟಿಟಿಪಿ (ಜಾಲತಾಣಗಳ ಭಾಷೆ) ಬಹುಮಟ್ಟಿಗೆ ಗುಪ್ತಲಿಪಿಯಿಲ್ಲದೆ ಬಯಲಲ್ಲಿ ಓಡಾಡುತ್ತಿದ್ದ ಕಾಲ. ಹಾಗಾಗಿ ಡ್ಯಾಶ್ ದೊಡ್ಡ ವೈ ಫಿಲ್ಟರಿನಲ್ಲಿ ಎಚ್‌ಟಿಟಿಪಿ ವಿನಂತಿಯ ಮೆಥಡ್ ಪೋಸ್ಟ್ (ಪೂರ್ತಿ ಕ್ಯಾಪಿಟಲ್; ತಾಣಕ್ಕೆ ಏನನ್ನಾದರೂ ಕಳಿಸುವ ಬಗೆ) ಆಗಿರುವುದನ್ನಷ್ಟೇ ಕೇಳಿ, ಫ್ರೇಮ್ ಸಂಖ್ಯೆ, ಎಪಾಕ್ ಸಮಯ (1970ರಿಂದ ಎಣಿಸಿದ ಸೆಕೆಂಡು), ಮೂಲ ಐಪಿ, ಮೂಲ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ), ಹೋಸ್ಟ್, ಯುಆರ್‌ಐ, ಯೂಸರ್ ಏಜೆಂಟ್ ಇವುಗಳನ್ನು ಒಂದು ಸಾಲಿನಲ್ಲಿ ಪಡೆದರೆ ತೊಂಬತ್ತು ಸಾವಿರ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಓದುವಷ್ಟಕ್ಕೆ ಇಳಿಯುತ್ತದೆ. ಅನಾಮಧೇಯ ಇಮೇಲ್ ಕಳಿಸುವ ತಾಣಗಳು ಅಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ.

ಫಿಲ್ಟರನ್ನು ಯಾವಾಗಲೂ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಜೋಡಿ ಚಿಹ್ನೆಯೊಳಗೆ ಡಾಲರ್ ಇದ್ದರೆ ಶೆಲ್ ಅದನ್ನು ತನ್ನದೆಂದು ನುಂಗುತ್ತದೆ, ಬ್ಯಾಶ್ ಆಶ್ಚರ್ಯಸೂಚಕವನ್ನು ಹಿಂದಿನ ಕಮಾಂಡಿನ ಕರೆ ಎಂದುಕೊಳ್ಳುತ್ತದೆ. ಯಾವ ಚಿಹ್ನೆಯೂ ಇಲ್ಲದಿದ್ದರೆ ಎರಡು ಆಂಪರ್‌ಸ್ಯಾಂಡ್ ಕಂಡಲ್ಲಿ ಕಮಾಂಡೇ ಎರಡು ತುಂಡಾಗುತ್ತದೆ. ದೋಷದ ಸಂದೇಶ ಬಂದರೆ ಅದೃಷ್ಟ. ಬಾರದೆ ಅರ್ಧ ಫಿಲ್ಟರ್ ಮಾತ್ರ ಕೆಲಸ ಮಾಡಿ ತಪ್ಪು ಲೆಕ್ಕ ಬಂದರೆ ಅದನ್ನು ಪತ್ತೆಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನೊಂದು ಹಳೆಯ ಬಲೆ ‘ಸಮವಲ್ಲ’ ಚಿಹ್ನೆಯದು. ಐಪಿ ಡಾಟ್ ಎಡಿಡಿಆರ್ ಎಂಬ ಕ್ಷೇತ್ರ ಮೂಲ, ಗಮ್ಯ ಎರಡನ್ನೂ ಒಳಗೊಳ್ಳುತ್ತದೆ. ವೈರ್‌ಶಾರ್ಕ್ 3.6ಕ್ಕಿಂತ ಮುಂಚೆ ‘ಈ ವಿಳಾಸಕ್ಕೆ ಸಮವಲ್ಲ’ ಎಂದು ಬರೆದರೆ, ಎರಡರಲ್ಲಿ ಯಾವುದಾದರೂ ಒಂದು ಬೇರೆ ಇದ್ದರೆ ಸಾಕು ಎಂಬ ಅರ್ಥ ಬರುತ್ತಿತ್ತು. ಅಂದರೆ ಹೆಚ್ಚುಕಡಿಮೆ ಎಲ್ಲ ಪ್ಯಾಕೆಟ್ಟೂ ಪಾಸು. 2021ರ ಕೊನೆಯಲ್ಲಿ ಬಂದ 3.6ರಿಂದ ಎರಡೂ ಬೇರೆ ಇರಬೇಕು ಎಂದಾಯಿತು. ಎರಡೂ ಕಾಲದ ಯಂತ್ರಗಳಲ್ಲಿ ಒಂದೇ ಅರ್ಥ ಬರಬೇಕಾದರೆ ‘ಸಮ’ ಎಂದು ಬರೆದು, ಇಡೀ ವಾಕ್ಯವನ್ನು ಆವರಣದಲ್ಲಿಟ್ಟು, ಹೊರಗಿನಿಂದ ನಾಟ್ ಹಾಕಿ.

ಐಪಿಯಿಂದ ಮನುಷ್ಯನವರೆಗೆ

ಸಂದೇಶ ಕಳಿಸಿದ ಖಾಸಗಿ ಐಪಿ ಸಿಕ್ಕಿತು, ಅದರ ಮ್ಯಾಕ್ ವಿಳಾಸ ಸಿಕ್ಕಿತು. ಕೇಸು ಮುಗಿಯಿತೇ? ನೈಟ್ರೋಬಾದ ಸೊಗಸು ಇರುವುದು ಈ ಪ್ರಶ್ನೆಯಲ್ಲಿ. ಪಾಸ್‌ವರ್ಡ್ ಇಲ್ಲದ ವೈಫೈ, ಗೋಡೆಯಾಚೆಯ ಯಾರು ಬೇಕಾದರೂ ಸೇರಬಹುದು. ಮೂವರು ಹುಡುಗಿಯರ ಕೋಣೆಯ ಐಪಿ ಎಂದ ಮಾತ್ರಕ್ಕೆ ಅವರಲ್ಲೊಬ್ಬರು ಎನ್ನಲಾಗದು.

ಆ ಮ್ಯಾಕ್ ವಿಳಾಸಕ್ಕೆ ಸೇರಿದ ಎಚ್‌ಟಿಟಿಪಿ ವಿನಂತಿಗಳನ್ನೆಲ್ಲ ಸಮಯದ ಕ್ರಮದಲ್ಲಿ ತೆಗೆದು, ಕುಕಿ (ತಾಣ ಬ್ರೌಸರಿನಲ್ಲಿ ಇಟ್ಟ ಗುರುತಿನ ಚೀಟಿ) ಕ್ಷೇತ್ರವನ್ನೂ ಸೇರಿಸಿ ಓದಬೇಕು. ಆ ಕಾಲದ ಕುಕಿಗಳು ವಾಚಾಳಿ. ಲಾಗಿನ್ ಆದವರ ಗುರುತನ್ನು ಬಯಲಲ್ಲೇ ಹೇಳಿಬಿಡುತ್ತಿದ್ದವು. ಅಲ್ಲಿ ಒಂದು ಹೆಸರು ಕಾಣುತ್ತದೆ, ತರಗತಿಯ ಪಟ್ಟಿಯಲ್ಲೂ ಅದು ಇದೆ. ಹಿಗ್ಗುವ ಮುಂಚೆ ಸರಪಳಿಯ ಒಂದೊಂದೇ ಕೊಂಡಿ ಎಳೆದು ನೋಡಿ. ಸಂದೇಶ ಕಳಿಸಿದ ವಿನಂತಿಯಲ್ಲೂ ಕುಕಿಯ ವಿನಂತಿಯಲ್ಲೂ ಮ್ಯಾಕ್ ಒಂದೇ ಎಂದರೆ ಯಂತ್ರ ಒಂದೇ, ಮ್ಯಾಕ್ ನಕಲು ಮಾಡದಿದ್ದರೆ. ಯೂಸರ್ ಏಜೆಂಟ್ ಒಂದೇ ಎಂದರೆ ಬ್ರೌಸರ್ ಬಹುಶಃ ಒಂದೇ. ಸಾವಿರಾರು ಯಂತ್ರಗಳು ಅದೇ ಸಾಲು ಕಳಿಸುತ್ತವೆ. ಎರಡರ ನಡುವೆ ಎಷ್ಟು ನಿಮಿಷ ಕಳೆದಿದೆ? ಆ ಮಧ್ಯೆ ಅದೇ ಯಂತ್ರದಿಂದ ಬೇರೆ ಖಾತೆ ತೆರೆದ ಗುರುತು ಉಂಟೇ? ರೌಟರ್ ಆ ಐಪಿಯನ್ನು ಬೇರೆ ಮ್ಯಾಕ್‌ಗೆ ಕೊಟ್ಟಿದ್ದುಂಟೇ? ಐಪಿ ಹಂಚುವ ಡಿಎಚ್‌ಸಿಪಿ, ಐಪಿಗೆ ಮ್ಯಾಕ್ ಹುಡುಕುವ ಎಆರ್‌ಪಿ ಪ್ಯಾಕೆಟ್ಟುಗಳನ್ನು ಬೇರೆಯಾಗಿ ಸೋಸಿ ನೋಡಿದರೆ ಅದಕ್ಕೂ ಉತ್ತರ ಸಿಗಬಹುದು. ಇಷ್ಟಾದ ಮೇಲೂ ವರದಿಯಲ್ಲಿ ಬರೆಯಬಹುದಾದದ್ದು ‘ಇಂಥ ಖಾತೆಗೆ ಲಾಗಿನ್ ಆಗಿದ್ದ ಯಂತ್ರದಿಂದ, ಇಷ್ಟು ನಿಮಿಷಗಳ ಅಂತರದಲ್ಲಿ, ಸಂದೇಶ ಹೋಗಿದೆ’ ಎಂಬುದನ್ನು ಮಾತ್ರ. ಕೀಲಿಮಣೆಯ ಮೇಲೆ ಯಾರ ಬೆರಳಿತ್ತೆಂದು ಪ್ಯಾಕೆಟ್ ಹೇಳುವುದಿಲ್ಲ.

ಪೂರ್ತಿ ಸಂಭಾಷಣೆ ಓದಲು ಡ್ಯಾಶ್ ಝಡ್ ಫಾಲೋ ಅಲ್ಪವಿರಾಮ ಟಿಸಿಪಿ ಅಲ್ಪವಿರಾಮ ಆಸ್ಕಿ, ಕೊನೆಗೆ ಸ್ಟ್ರೀಮ್ ಸಂಖ್ಯೆ. ಈ ಸಂಖ್ಯೆಯನ್ನು ಟಿಶಾರ್ಕ್ ಆ ಫೈಲಿನ ಮಟ್ಟಿಗೆ ತಾನೇ ಕೊಟ್ಟುಕೊಂಡದ್ದು. ಫೈಲನ್ನು ಫಿಲ್ಟರ್ ಮಾಡಿ ಬೇರೆ ಹೆಸರಿನಲ್ಲಿ ಉಳಿಸಿದರೆ 312 ಇದ್ದದ್ದು 4 ಆಗಬಹುದು. ಫ್ರೇಮ್ ಸಂಖ್ಯೆಯೂ ಹಾಗೇ. ಯಾವ ಹ್ಯಾಶಿನ ಫೈಲು ಎಂದು ಹೇಳದೆ ಸ್ಟ್ರೀಮ್ ಸಂಖ್ಯೆ ಬರೆದ ವರದಿ ಓದುವವರಿಗೆ ಒಗಟು.

ಬೀಗ ಬಿದ್ದ ಕಾಲದಲ್ಲಿ

2008ರ ಕೇಸನ್ನು ಈಗ ಯಾಕೆ ಮಾಡಬೇಕು, ಈಗೆಲ್ಲ ಟಿಎಲ್‌ಎಸ್ ಎಂಬ ಗುಪ್ತಲಿಪಿಯ ಬೀಗ ಅಲ್ಲವೇ ಎಂಬ ಮಾತು ಬರುತ್ತದೆ. ನ್ಯಾಯವಾದ ಮಾತೇ. 2018ರ ಟಿಎಲ್‌ಎಸ್ 1.3ರಲ್ಲಿ ಸರ್ವರಿನ ಸರ್ಟಿಫಿಕೇಟ್ ಕೂಡ ಮುಚ್ಚಿಹೋಯಿತು. ಹೊರಗೆ ಕಾಣುವುದು ಕ್ಲೈಂಟ್ ಹೆಲೋದಲ್ಲಿ (ಸಂಪರ್ಕ ಕೋರುವವರ ಮೊದಲ ಸಂದೇಶದಲ್ಲಿ) ಬರುವ ಸರ್ವರ್ ಹೆಸರು, ಎಷ್ಟು ಬೈಟು, ಎಷ್ಟು ಹೊತ್ತಿಗೊಮ್ಮೆ. ಕ್ಲೈಂಟ್ ಹೆಲೋವನ್ನೂ ಮುಚ್ಚುವ ಹೊಸ ಇಸಿಎಚ್ ಬಳಸುವ ಕಡೆ ಆ ನಿಜವಾದ ಹೆಸರೂ ಸಿಗದು. ಕ್ಲೈಂಟ್ ಹೆಲೋದಿಂದ ಬೆರಳಚ್ಚು ತೆಗೆಯುವ ಜೆಎ3 ವಿಧಾನ 2017ರಲ್ಲಿ ಸೇಲ್ಸ್‌ಫೋರ್ಸ್‌ನವರಿಂದ ಬಂತು. 2023ರಲ್ಲಿ ಕ್ರೋಮ್ ಕ್ಲೈಂಟ್ ಹೆಲೋದಲ್ಲಿನ ಟಿಎಲ್‌ಎಸ್ ಎಕ್ಸ್‌ಟೆನ್ಷನ್‌ಗಳ ಕ್ರಮವನ್ನು ಪ್ರತಿ ಸಲ ಕಲಸತೊಡಗಿದ ಮೇಲೆ ಒಂದೇ ಬ್ರೌಸರಿಗೆ ನೂರೆಂಟು ಜೆಎ3 ಬರತೊಡಗಿತು. ಕ್ರಮವನ್ನು ಮೊದಲು ಜೋಡಿಸಿಕೊಳ್ಳುವ ಜೆಎ4 ಆ ಬಳಿಕದ್ದು. ಹಳೆಯ ಜೆಎ3 ಪಟ್ಟಿ ಹಿಡಿದು ಕ್ರೋಮ್ ಹುಡುಕುವುದು ದಂಡ.

ಒಳಗಿನ ಮಾತು ಕಾಣದಿದ್ದಾಗ ನಡಿಗೆ ನೋಡಿ ಗುರುತಿಸಬೇಕು, ಮತ್ತು ಎಣಿಕೆಯ ಅಭ್ಯಾಸ ಫಲ ಕೊಡುವುದು ಆಗ. ಎರಡು ಲೆಕ್ಕಗಳು ಕೈಗೆ ಹತ್ತಿದರೆ ಬಹಳಷ್ಟು ಕೆಲಸ ಆಗುತ್ತದೆ.

ಒಂದು, ಡಿಎನ್‌ಎಸ್ ಸುರಂಗ, ಅಂದರೆ ಡಿಎನ್‌ಎಸ್ ಪ್ರಶ್ನೆಯ ಹೆಸರಿನೊಳಗೇ ಮಾಹಿತಿ ಬಚ್ಚಿಟ್ಟು ಹೊರಸಾಗಿಸುವುದು. ಡಿಎನ್‌ಎಸ್ ಹೆಸರಿನ ಒಂದು ತುಂಡು 63 ಬೈಟು ಮೀರುವಂತಿಲ್ಲ, ಇಡೀ ಹೆಸರು 255 ಮೀರುವಂತಿಲ್ಲ. ದೊಡ್ಡಕ್ಷರ ಚಿಕ್ಕಕ್ಷರ ಭೇದ ಡಿಎನ್‌ಎಸ್‌ಗೆ ಇಲ್ಲವಾದ್ದರಿಂದ ಕದ್ದ ಮಾಹಿತಿಯನ್ನು ಹೆಚ್ಚಾಗಿ ಬೇಸ್32ರಲ್ಲಿ ತುಂಬುತ್ತಾರೆ, ಅಕ್ಷರಕ್ಕೆ 5 ಬಿಟ್. ತಾಯಿ ಡೊಮೈನಿಗೆ ಜಾಗ ಬಿಟ್ಟರೆ ಒಂದು ಪ್ರಶ್ನೆಯಲ್ಲಿ ಸುಮಾರು 140 ಬೈಟು ಸಾಗಿಸಬಹುದು. ಅಂದರೆ ಹತ್ತು ಲಕ್ಷ ಬೈಟಿನ ಒಂದು ಫೈಲು ಕದಿಯಲು ಏಳು ಸಾವಿರಕ್ಕೂ ಹೆಚ್ಚು ಪ್ರಶ್ನೆ, ಒಂದೊಂದೂ ಹೊಸ ಹೆಸರು. ಇದನ್ನು ಅಡಗಿಸಲಾಗದು. ಡಿಎನ್‌ಎಸ್ ಪ್ರಶ್ನೆಗಳ ಹೆಸರು ತೆಗೆದು, ಸಾರ್ಟ್ ಡ್ಯಾಶ್ ಯುನಿಂದ ಪುನರಾವರ್ತನೆ ತೆಗೆದು, ಆಕ್‌ನಲ್ಲಿ ತಾಯಿ ಡೊಮೈನನ್ನು ಬೇರ್ಪಡಿಸಿ, ಒಂದೊಂದರ ಕೆಳಗೆ ಎಷ್ಟು ಬೇರೆಬೇರೆ ಮಕ್ಕಳಿವೆ ಎಂದು ಎಣಿಸಿ. ಫಿಲ್ಟರಿನಲ್ಲಿ ರೆಸ್ಪಾನ್ಸ್ ಫ್ಲಾಗ್ ಸೊನ್ನೆ ಎಂದು ಸೇರಿಸಿ. ಉತ್ತರದ ಪ್ಯಾಕೆಟ್ಟಿನಲ್ಲೂ ಪ್ರಶ್ನೆ ಮರುಕಳಿಸುವುದರಿಂದ, ಬರೀ ಪ್ರಶ್ನೆಗಳ ಲೆಕ್ಕ ತೆಗೆದಾಗ ಅದು ದುಪ್ಪಟ್ಟಾಗುತ್ತದೆ. ತಾಯಿ ಡೊಮೈನ್ ಎಂದು ಕೊನೆಯ ಎರಡು ತುಂಡು ಕತ್ತರಿಸುವ ರೂಢಿ ನಮ್ಮ ದೇಶದ ಹೆಸರುಗಳಲ್ಲಿ ಎಡವುತ್ತದೆ. ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂಬಲ್ಲಿ ಕೊನೆಯ ಎರಡು ಕತ್ತರಿಸಿದರೆ ಉಳಿಯುವುದು ಬರೀ ಗವ್ ಡಾಟ್ ಇನ್, ದೇಶದ ಸರಕಾರೀ ತಾಣಗಳೆಲ್ಲ ಒಂದೇ ಚೀಲಕ್ಕೆ. ಗವ್, ಕೋ, ಎಸಿ ಇವು ಇನ್‌ಗೆ ಮುಂಚೆ ಬಂದರೆ ಮೂರು ತುಂಡು ತೆಗೆದುಕೊಳ್ಳಲು ಆಕ್‌ನಲ್ಲಿ ಒಂದು ಷರತ್ತು ಹಾಕಬೇಕು. ಲೆಕ್ಕದಲ್ಲಿ ಮೇಲೆ ಬಂದದ್ದೆಲ್ಲ ಸುರಂಗವೂ ಅಲ್ಲ. ಕೆಲವು ಆಂಟಿವೈರಸ್‌ಗಳು ಫೈಲಿನ ಹ್ಯಾಶನ್ನು ಡಿಎನ್‌ಎಸ್ ಹೆಸರಿನಲ್ಲೇ ಕೇಳುತ್ತವೆ, ನೋಡಲು ಥೇಟು ಕಳ್ಳನ ಹಾಗೆ.

ಎರಡು, ಬೀಕನ್. ಸೋಂಕಿದ ಯಂತ್ರ ತನ್ನ ಒಡೆಯನಿಗೆ ಗಂಟೆ ಬಾರಿಸಿದಂತೆ ಕರೆ ಮಾಡುತ್ತದೆ. ಸಂಪರ್ಕ ಶುರುಮಾಡುವ, ಅಂದರೆ ಎಸಿಕೆ ಇಲ್ಲದ ಸಿನ್ ಪ್ಯಾಕೆಟ್ಟುಗಳ ಎಪಾಕ್ ಸಮಯ, ಮೂಲ, ಗಮ್ಯ ತೆಗೆದು, ಪ್ರತಿ ಜೋಡಿಗೂ ಹಿಂದಿನದಕ್ಕೂ ಇಂದಿನದಕ್ಕೂ ಇರುವ ಅಂತರವನ್ನು ಆಕ್‌ನಲ್ಲಿ ಲೆಕ್ಕ ಹಾಕಿ, ಸರಾಸರಿ, ಮಾನಕ ವಿಚಲನೆ ಕಂಡುಹಿಡಿಯಿರಿ. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದಾಗ ಬಂದದ್ದು ಸೊನ್ನೆಗೆ ಹತ್ತಿರವಾದಷ್ಟೂ ಅದು ಮನುಷ್ಯನ ನಡಿಗೆ ಅಲ್ಲ. ಕನಿಷ್ಠ ಇಪ್ಪತ್ತು ಸಂಪರ್ಕವಾದರೂ ಇಲ್ಲದ ಜೋಡಿಯನ್ನು ಕೈಬಿಡುವುದು ಒಳ್ಳೆಯದು, ಮೂರು ಬಿಂದು ಎಲ್ಲಿಟ್ಟರೂ ತಾಳ ಕೂತಂತೆ ಕಾಣುತ್ತದೆ. ಮರುಪ್ರಸಾರವಾದ ಸಿನ್‌ಗಳು ಈ ಲೆಕ್ಕ ಕೆಡಿಸುತ್ತವೆ. ಟಿಸಿಪಿ ಅನಾಲಿಸಿಸ್ ರೀಟ್ರಾನ್ಸ್‌ಮಿಷನ್ ಕ್ಷೇತ್ರ ಬಳಸಿ ಮೊದಲೇ ತೆಗೆದುಬಿಡಿ. ಲೆಕ್ಕವನ್ನು ಸಿನ್ ಇಲ್ಲದ ಯುಡಿಪಿ ಪ್ರೊಟೊಕಾಲಿಗೆ ವಿಸ್ತರಿಸಿದರೆ ಮೊದಲು ಸಿಗುವ ‘ಕಳ್ಳ’ ಎನ್‌ಟಿಪಿ, 64 ಸೆಕೆಂಡಿನಿಂದ 1024 ಸೆಕೆಂಡಿನವರೆಗೆ ಸಂಯಮದಿಂದ ಹೆಜ್ಜೆ ಹಾಕುವ ಗಡಿಯಾರ ತಿದ್ದುಗ.

ಸ್ವಂತ ಯಂತ್ರದ ಟಿಎಲ್‌ಎಸ್ ಒಳಗೆ ನೋಡಬೇಕಾದರೆ ದಾರಿಯಿದೆ. ಎಸ್‌ಎಸ್‌ಎಲ್‌ಕೀಲಾಗ್‌ಫೈಲ್ (ಪೂರ್ತಿ ಕ್ಯಾಪಿಟಲ್) ಎಂಬ ಪರಿಸರ ಚರಕ್ಕೆ (ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ) ಒಂದು ಫೈಲಿನ ಹೆಸರು ಕೊಟ್ಟು ಅದೇ ಟರ್ಮಿನಲಿನಿಂದ ಫೈರ್‌ಫಾಕ್ಸೋ ಕರ್ಲೋ ಓಡಿಸಿದರೆ ಸೆಷನ್ ಕೀಲಿಗಳು ಅಲ್ಲಿ ಬೀಳುತ್ತವೆ. ಟಿಶಾರ್ಕಿನ ಡ್ಯಾಶ್ ಓ ಆಯ್ಕೆಯಲ್ಲಿ ಟಿಎಲ್‌ಎಸ್ ಕೀಲಾಗ್ ಫೈಲಿನ ದಾರಿ ತೋರಿಸಿದರೆ ಬೀಗ ತೆರೆಯುತ್ತದೆ. ಹಳೆಯ ಬರಹಗಳಲ್ಲಿ ಆ ಆಯ್ಕೆ ಎಸ್‌ಎಸ್‌ಎಲ್ ಹೆಸರಿನಲ್ಲಿದೆ, 3.0ರಿಂದ ಅದು ಟಿಎಲ್‌ಎಸ್.

ಮನೆಯಲ್ಲೇ ಪ್ರಯೋಗಶಾಲೆ

ಬೇರೆಯವರ ಕೇಸು ಬಿಡಿಸುವುದಕ್ಕಿಂತ ತಾನೇ ಕೇಸು ಸೃಷ್ಟಿಸಿ ಅದರ ಗುರುತು ಹೇಗೆ ಬೀಳುತ್ತದೆಂದು ನೋಡುವುದು ಹೆಚ್ಚು ಕಲಿಸುತ್ತದೆ. ಇದಕ್ಕೆ ನಾಲ್ಕು ವರ್ಚುವಲ್ ಮಷಿನ್, 16 ಜಿಬಿ ರ‍್ಯಾಮ್ ಎಂದೆಲ್ಲ ಬೇಕಾಗಿಲ್ಲ. ಲಿನಕ್ಸಿನ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಬೇರೆಬೇರೆ ಜಾಲ) ಸಾಕು, ಹಳೆಯ 4 ಜಿಬಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಐಪಿ ನೆಟ್‌ಎನ್‌ಎಸ್ ಆಡ್ ಎಂದು ಎರಡು ಕೋಣೆ ಕಟ್ಟಿ, ಮನೆ ಮತ್ತು ಬೀದಿ ಎಂದಿರಲಿ. ವೆತ್ ಜೋಡಿ ಎಂಬ ಕಾಲ್ಪನಿಕ ತಂತಿಯ ಒಂದೊಂದು ತುದಿಯನ್ನು ಒಂದೊಂದು ಕೋಣೆಗೆ ಎಳೆದು 10.10.0.1/24, 10.10.0.2/24 ಎಂದು ವಿಳಾಸ ಕೊಡಿ. ಎರಡೂ ತುದಿಯನ್ನು ಅಪ್ ಮಾಡಬೇಕು, ಒಳಗಿನ ಲೂಪ್‌ಬ್ಯಾಕನ್ನೂ (ಯಂತ್ರ ತನ್ನೊಡನೆ ತಾನೇ ಮಾತಾಡುವ ದಾರಿ). ಅದನ್ನು ಮರೆತು ‘ಪಿಂಗ್ ಹೋಗುತ್ತಿಲ್ಲ’ ಎಂದು ಅರ್ಧ ದಿನ ಕಳೆಯುವುದು ಈ ವಿದ್ಯೆಯ ದೀಕ್ಷೆಯಿದ್ದಂತೆ. ಮನೆಯಲ್ಲಿ ಪೈಥಾನ್3ರ ಎಚ್‌ಟಿಟಿಪಿ ಸರ್ವರನ್ನು 8000ನೇ ಪೋರ್ಟಿನಲ್ಲಿ ಎಬ್ಬಿಸಿ, ಬೀದಿಯಿಂದ ಕರ್ಲ್ ಮಾಡಿ, ನಡುವೆ ಟಿಸಿಪಿಡಂಪ್ ಕೂರಿಸಿ.

ಆಮೇಲೆ ತಂತಿ ಕೆಡಿಸಿ. ಟಿಸಿ ಕ್ಯೂಡಿಸ್ಕ್‌ನ ನೆಟ್‌ಎಮ್ ಬಳಸಿ 100 ಮಿಲಿಸೆಕೆಂಡ್ ವಿಳಂಬ, ಶೇಕಡಾ 5 ನಷ್ಟ ಕೊಟ್ಟು ಅದೇ ಫೈಲು ಮತ್ತೆ ಇಳಿಸಿ, ಮರುಪ್ರಸಾರಗಳನ್ನು ಎಣಿಸಿ. ಬೀದಿಯಿಂದ ಎನ್‌ಮ್ಯಾಪ್ ಸಿನ್ ಸ್ಕ್ಯಾನ್ (ಯಾವ ಪೋರ್ಟು ತೆರೆದಿದೆ ಎಂದು ತಟ್ಟಿ ನೋಡುವುದು) ಮಾಡಿ, ಬಂದ ಪಿಕ್ಯಾಪನ್ನು ಝೀಕಿಗೆ ಕೊಟ್ಟರೆ ಕಾನ್ ಲಾಗಿನಲ್ಲಿ ಸ್ಥಿತಿಗಳು ಸಾಲುಗಟ್ಟುತ್ತವೆ: ಮುಚ್ಚಿದ ಪೋರ್ಟು ಆರ್‌ಇಜೆ, ಫೈರ್‌ವಾಲ್ ಮೌನವಾಗಿ ನುಂಗಿದ್ದು ಎಸ್0, ತೆರೆದದ್ದು ಆರ್‌ಎಸ್‌ಟಿಓ. ಕೊನೆಯದು ಯಾಕೆಂದರೆ ಎನ್‌ಮ್ಯಾಪ್ ಸಿನ್ ಮಾತ್ರ ಕಳಿಸುತ್ತದೆ, ಉತ್ತರ ಬಂದ ಕೂಡಲೇ ಅದು ಓಡುವ ಯಂತ್ರದ ಕರ್ನೆಲ್ ರೀಸೆಟ್‌ನಿಂದ ಮುರಿದುಬಿಡುತ್ತದೆ. ಒಂದು ಸಲ ಕೈಯಾರೆ ಮಾಡಿದವರಿಗೆ ಮುಂದೆ ನೂರಾರು ಎಸ್0 ಸಾಲು ಕಂಡರೆ ಯಾರೋ ಬಾಗಿಲು ತಟ್ಟುತ್ತ ಹೋಗಿದ್ದಾರೆಂದು ಹೇಳಿಕೊಡಬೇಕಾಗಿಲ್ಲ. ಝೀಕಿನ ದೊಡ್ಡ ಗುಣ ಅದರ ಯುಐಡಿ. ಒಂದೇ ಗುರುತು ಕಾನ್, ಎಚ್‌ಟಿಟಿಪಿ, ಫೈಲ್ಸ್ ಲಾಗುಗಳಲ್ಲೆಲ್ಲ ಓಡಾಡುತ್ತದೆ, ಗ್ರೆಪ್ ಮಾಡಿದರೆ ಇಡೀ ಕಥೆ ಒಟ್ಟಿಗೆ ಬರುತ್ತದೆ.

ಇಲ್ಲೂ ಒಂದು ವಿಚಿತ್ರ ಎದುರಾಗುತ್ತದೆ. ಕೆಲವು ಸಲ ಝೀಕ್ ಓಡಿಸಿದರೆ ಲಾಗ್ ಹೆಚ್ಚುಕಡಿಮೆ ಖಾಲಿ. ಕಾರಣ ಚೆಕ್‌ಸಮ್, ಪ್ಯಾಕೆಟ್ ಕೆಟ್ಟಿದೆಯೋ ಎಂದು ತಾಳೆ ನೋಡುವ ಸಂಖ್ಯೆ. ಲಿನಕ್ಸ್ ಕರ್ನೆಲ್ ಚೆಕ್‌ಸಮ್ ಲೆಕ್ಕವನ್ನು ನೆಟ್‌ವರ್ಕ್ ಕಾರ್ಡಿಗೆ ಬಿಟ್ಟಿರುತ್ತದೆ, ಟಿಸಿಪಿಡಂಪ್ ಅದಕ್ಕೂ ಮುಂಚೆ ಪ್ಯಾಕೆಟ್ಟನ್ನು ಹಿಡಿಯುತ್ತದೆ. ಝೀಕ್ ಅದನ್ನು ಕೆಟ್ಟ ಪ್ಯಾಕೆಟ್ ಎಂದು ಎಸೆಯುತ್ತದೆ. ಡ್ಯಾಶ್ ದೊಡ್ಡ ಸಿ ಕೊಟ್ಟರೆ ಚೆಕ್‌ಸಮ್ ನೋಡುವುದಿಲ್ಲ. 1500 ಬೈಟಿನ ಮಿತಿ ಮೀರಿ ಅರವತ್ತು ಸಾವಿರದ ಪ್ಯಾಕೆಟ್ಟು ಕಂಡರೂ ಅದೇ ಮನೆಯ ಕೂಸು. ಈಥ್‌ಟೂಲಿನಲ್ಲಿ ದೊಡ್ಡ ಪ್ಯಾಕೆಟ್ಟು ಕಟ್ಟುವ ಟಿಎಸ್‌ಓ, ಜಿಎಸ್‌ಓ, ಜಿಆರ್‌ಓ ಆಫ್ ಮಾಡಿದರೆ ತಂತಿಯ ಮೇಲೆ ಹೋಗುವ ಅಳತೆ ಕಾಣುತ್ತದೆ.

ಹಿಡಿಯುವಾಗಿನ ತಪ್ಪುಗಳಿಗೆ ಆಮೇಲೆ ಮದ್ದಿಲ್ಲ, ಹಾಗಾಗಿ ಕೆಲವನ್ನು ಮೊದಲೇ ತಿಳಿದಿರಬೇಕು. 100 ಮೆಗಾಬಿಟ್ ತಂತಿ ತುಂಬಿ ಹರಿದರೆ ಸೆಕೆಂಡಿಗೆ 12.5 ಮೆಗಾಬೈಟು, ಗಂಟೆಗೆ 45 ಗಿಗಾಬೈಟು. ಒಂದು ಟೆರಾಬೈಟಿನ ಡಿಸ್ಕು ಒಂದು ದಿನವೂ ಬಾಳದು. ಅದಕ್ಕೆ ಫೈಲು ತಿರುಗಿಸುವ ಆಯ್ಕೆ. ಟಿಸಿಪಿಡಂಪಿಗೆ ಡ್ಯಾಶ್ ದೊಡ್ಡ ಸಿ (ಒಂದು ಫೈಲಿನ ಗಾತ್ರ) ಜೊತೆ ಡ್ಯಾಶ್ ದೊಡ್ಡ ಡಬ್ಲ್ಯೂ (ಎಷ್ಟು ಫೈಲು) ಕೊಟ್ಟರೆ ಹಳೆಯ ಫೈಲಿನ ಮೇಲೆ ಹೊಸದು ಬರೆಯುತ್ತ ಉಂಗುರದಂತೆ ಸುತ್ತುತ್ತದೆ. ಅದೇ ಡಬ್ಲ್ಯೂವನ್ನು ಸಮಯದ ಆಯ್ಕೆಯಾದ ಡ್ಯಾಶ್ ದೊಡ್ಡ ಜಿ ಜೊತೆ ಕೊಟ್ಟರೆ, ಅಷ್ಟು ಫೈಲು ಆದ ಮೇಲೆ ಸದ್ದಿಲ್ಲದೆ ನಿಂತುಬಿಡುತ್ತದೆ. ಗಂಟೆಗೊಂದರಂತೆ 24 ಎಂದು ಹಾಕಿ ಹೋದವರಿಗೆ ಎರಡನೆಯ ದಿನದ ದಾಳಿ ಸಿಗುವುದಿಲ್ಲ. ಉಂಗುರ ಬೇಕಾದರೆ ವೈರ್‌ಶಾರ್ಕಿನ ಜೊತೆ ಬರುವ ಡಂಪ್‌ಕ್ಯಾಪ್ ಹೆಚ್ಚು ನೆಚ್ಚಿನದು.

ಟಿಸಿಪಿಡಂಪನ್ನು ಸುಡೋ ಹಾಕಿ (ರೂಟ್ ಅಧಿಕಾರದಲ್ಲಿ) ಓಡಿಸಿದರೂ ಬರೆಯಲು ಅನುಮತಿಯಿಲ್ಲ ಎಂದರೆ ಗಾಬರಿ ಬೇಡ. ಹಲವು ಡಿಸ್ಟ್ರೋಗಳಲ್ಲಿ ಅದು ಸಾಧನ ತೆರೆದ ಮೇಲೆ ರೂಟ್ ಅಧಿಕಾರ ಕಳಚಿ ಟಿಸಿಪಿಡಂಪ್ ಎಂಬ ಬಳಕೆದಾರನಾಗುತ್ತದೆ, ಆ ಬಳಕೆದಾರ ಬರೆಯಬಲ್ಲ ಫೋಲ್ಡರ್ ಕೊಡಬೇಕು. ನಿಲ್ಲಿಸಿದಾಗ ಬರುವ ಮೂರು ಸಾಲಿನಲ್ಲಿ ‘ಕರ್ನೆಲ್ ಬಿಟ್ಟದ್ದು’ ಎಂಬುದು ಸೊನ್ನೆಯೋ ಅಲ್ಲವೋ ಎಂದು ಮಹಜರಿನಲ್ಲಿ ಬರೆಯಲೇಬೇಕು. ಸೊನ್ನೆ ಅಲ್ಲದಿದ್ದರೆ ಡ್ಯಾಶ್ ದೊಡ್ಡ ಬಿಯಿಂದ ಬಫರ್ ಹಿಗ್ಗಿಸಿ, ಪರದೆಗೆ ಸುರಿಯುವ ಬದಲು ಫೈಲಿಗೆ ಬರೆಯಿರಿ.

ಹಿಡಿಯುವ ಫಿಲ್ಟರಿನ ಭಾಷೆಯೇ ಬೇರೆ, ನೋಡುವ ಫಿಲ್ಟರಿನ ಭಾಷೆಯೇ ಬೇರೆ. ಅದು ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ತಡವಾಗಿ ಗೊತ್ತಾಗುವುದು ವಿಲ್ಯಾನ್, ಟ್ಯಾಗ್ ಹಚ್ಚಿ ಒಂದೇ ತಂತಿಯಲ್ಲಿ ಹಲವು ಜಾಲ ಹರಿಸುವ ಏರ್ಪಾಡು. ಟ್ಯಾಗ್ ಇರುವ ಫ್ರೇಮುಗಳಲ್ಲಿ ‘ಪೋರ್ಟ್ 53’ ಎಂಬ ಫಿಲ್ಟರ್ ಏನನ್ನೂ ಹಿಡಿಯದೇ ಹೋಗಬಹುದು, ನಾಲ್ಕು ಬೈಟಿನ ಟ್ಯಾಗ್ ಎಲ್ಲವನ್ನೂ ಮುಂದೆ ತಳ್ಳಿರುತ್ತದೆ. ‘ಪೋರ್ಟ್ 53, ಇಲ್ಲವೇ ವಿಲ್ಯಾನ್ ಮತ್ತು ಪೋರ್ಟ್ 53’ ಎಂದು, ವಿಲ್ಯಾನ್ ಇರುವ ಭಾಗ ಕೊನೆಯಲ್ಲಿ ಬರುವ ಹಾಗೆ ಬರೆಯಬೇಕು. ಆ ಪದ ಬಂದಲ್ಲಿಂದ ಮುಂದಿನ ಲೆಕ್ಕವೆಲ್ಲ ಸರಿದುಹೋಗುತ್ತದೆ. ಐಪಿ ತುಣುಕುಗಳೂ ಹೀಗೇ: ಪೋರ್ಟ್ ಸಂಖ್ಯೆ ಮೊದಲ ತುಣುಕಿನಲ್ಲಿ ಮಾತ್ರ, ಉಳಿದವು ಫಿಲ್ಟರಿನಿಂದ ಜಾರಿಹೋಗುತ್ತವೆ. ಸಂಶಯವಿದ್ದರೆ ಹೋಸ್ಟ್ ಆಧಾರದಲ್ಲಿ ಹಿಡಿದು ಆಮೇಲೆ ಸೋಸುವುದೇ ಕ್ಷೇಮ.

ಅಭ್ಯಾಸವೆಲ್ಲ ಸ್ವಂತ ತಂತಿಯ ಮೇಲೆ ಇರಲಿ. ಪಿಜಿಯ ವೈಫೈ, ಆಫೀಸಿನ ಸ್ವಿಚ್ಚು ಸ್ವಂತದ್ದಲ್ಲ. ಅನುಮತಿಯಿಲ್ಲದೆ ಬೇರೆಯವರ ಜಾಲಕ್ಕೆ ಹೊಕ್ಕು ಮಾಹಿತಿ ಎತ್ತಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43, 66ನೇ ಸೆಕ್ಷನ್‌ಗಳಿವೆ. ಕೆಲಸದ ಜಾಗದಲ್ಲಿ ಇದೇ ವಿದ್ಯೆ ಬಳಸುವವರು ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನೂ ಓದಿಕೊಂಡಿರಬೇಕು: ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, ಲಾಗುಗಳು 180 ದಿನ, ಗಡಿಯಾರಗಳು ಎನ್‌ಟಿಪಿಗೆ ಹೊಂದಿಕೊಂಡಿರಬೇಕು.

ಕೇಸು ಬಿಡಿಸಿದ ಮೇಲೆ ಕಮಾಂಡುಗಳ ಟಿಪ್ಪಣಿಯನ್ನು ಗೆಳೆಯರೊಬ್ಬರಿಗೆ ಕೊಟ್ಟು, ಕಾರಣ ಹೇಳದೆ, ಸಾಲುಸಾಲಾಗಿ ಅವರ ಯಂತ್ರದಲ್ಲಿ ಓಡಿಸಲು ಹೇಳಿ, ಎರಡು ಫಲಿತಾಂಶಗಳನ್ನು ಡಿಫ್ ಕಮಾಂಡಿನಿಂದ ಹೋಲಿಸಿ. ಮೊದಲ ಸಲ ಒಂದೇ ಬರುವುದು ಅಪರೂಪ. ಅವರ ಟಿಶಾರ್ಕ್ ಹಳೆಯದು, ‘ಸಮವಲ್ಲ’ ಬೇರೆ ಅರ್ಥ ಕೊಟ್ಟಿತು. ಅವರ ಲೊಕೇಲ್ (ಭಾಷೆಯ ಸೆಟ್ಟಿಂಗ್) ಬೇರೆ, ಸಾರ್ಟ್ ಕ್ರಮ ಬದಲಾಯಿತು. ಅವರ ಟೈಮ್‌ಝೋನ್ ಬೇರೆ. ಆದ್ದರಿಂದ ಟಿಪ್ಪಣಿಯ ತಲೆಯಲ್ಲೇ ಫೈಲಿನ ಶಾ256, ಟಿಶಾರ್ಕ್ ಡ್ಯಾಶ್ ವಿ ಕೊಟ್ಟ ಆವೃತ್ತಿ, ಎಲ್‌ಸಿ ಅಂಡರ್‌ಸ್ಕೋರ್ ಆಲ್ ಸಮ ಸಿ, ಟಿಝಡ್ ಸಮ ಯುಟಿಸಿ (ಈ ಕೊನೆಯ ಎರಡು ಪೂರ್ತಿ ಕ್ಯಾಪಿಟಲ್) ಎಂಬ ನಾಲ್ಕು ಸಾಲು ಇರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದಲ್ಲೂ ಹ್ಯಾಶ್ ಮೌಲ್ಯ ಬರೆಯಲು ಜಾಗವಿದೆ, ಅದು ಯಾವ ಅಲ್ಗಾರಿದಮಿನದೆಂದು ಗುರುತು ಹಾಕಲು ಚೌಕಗಳೂ ಇವೆ. ಭಾಗ ‘ಎ’ ಸಾಧನ ಯಾರ ಸುಪರ್ದಿನಲ್ಲಿತ್ತೋ ಅವರು ತುಂಬುವಂಥದ್ದು, ಭಾಗ ‘ಬಿ’ ತಜ್ಞರದು.